ಮೀನಿನ ಬೆಲೆಯಲ್ಲಿ ಅಂಗಡಿಯ ಹತ್ತು ದಿನವೂ ಸೇರಿದೆ

ನಿಯಾನ್ ಟೆಟ್ರಾ ಎಂಬ ಪುಟ್ಟ ಬಣ್ಣದ ಮೀನು ಫೋನಿನಲ್ಲಿ ಆರ್ಡರ್ ಮಾಡಿದರೆ ಒಂದಕ್ಕೆ 25 ರೂಪಾಯಿ, ನಿಮ್ಮ ಏರಿಯಾದ ಅಕ್ವೇರಿಯಂ ಅಂಗಡಿಯಲ್ಲಿ 40 ರೂಪಾಯಿ ಎಂದಿಟ್ಟುಕೊಳ್ಳಿ. ನೋಡಿದ ತಕ್ಷಣ ಅಂಗಡಿಯವರು ಕೈ ಕಚ್ಚುವಂತೆ ಹೇಳುತ್ತಿದ್ದಾರೆ ಅನಿಸುತ್ತದೆ. ಹತ್ತು ಮೀನಿಗೆ ಲೆಕ್ಕ ಹಾಕಿ. ಆನ್‌ಲೈನ್‌ನಲ್ಲಿ ಮೀನಿಗೆ 250, ಥರ್ಮಾಕೋಲ್ ಪೆಟ್ಟಿಗೆ, ಪ್ಯಾಕಿಂಗ್, ಕೊರಿಯರ್ ಎಲ್ಲ ಸೇರಿ ಇನ್ನೊಂದು 300 ಆದರೆ ಒಟ್ಟು 550. ಅಂಗಡಿಯಲ್ಲಿ 400. ಪಾರ್ಸೆಲ್‌ನಲ್ಲಿ ಬಂದ ಹತ್ತರಲ್ಲಿ ಮೊದಲ ವಾರ ಎರಡು ಸತ್ತರೆ ಉಳಿದ ಒಂದೊಂದಕ್ಕೆ ಸುಮಾರು 69 ರೂಪಾಯಿ ಬಿದ್ದಂತಾಯಿತು.

ದುಡ್ಡಿನ ಲೆಕ್ಕ ಇಷ್ಟಕ್ಕೇ ಬಿಡೋಣ, ಏಕೆಂದರೆ ಅದು ಊರಿಂದ ಊರಿಗೆ, ಮೀನಿಂದ ಮೀನಿಗೆ ಬದಲಾಗುತ್ತದೆ. ಬದಲಾಗದ್ದು ಬೇರೊಂದಿದೆ. ಕರ್ನಾಟಕದ ಅಂಗಡಿಗಳಿಗೆ ಬರುವ ಬಣ್ಣದ ಮೀನಿನಲ್ಲಿ ದೊಡ್ಡ ಪಾಲು ಚೆನ್ನೈನ ಕೊಳತ್ತೂರು ಕಡೆಯ ಸಾಕಣೆದಾರರು ಮತ್ತು ಹೋಲ್‌ಸೇಲ್‌ನವರಿಂದ ಬರುತ್ತದೆ. ಕೆಲವು ಕೋಲ್ಕತ್ತಾದಿಂದ, ಕೆಲವು ವಿದೇಶದಿಂದ. ಆನ್‌ಲೈನ್‌ನಲ್ಲಿ ಮಾರುವವರಲ್ಲೂ ಅನೇಕರಿಗೆ ಸರಕು ಬರುವುದು ಅಲ್ಲಿಂದಲೇ. ಅಂದರೆ ಎರಡೂ ಮೀನು ಚೀಲದಲ್ಲಿ ಕೂತು ರಾತ್ರಿಯಿಡೀ ಪ್ರಯಾಣ ಮಾಡಿದವೇ. ಪ್ರಯಾಣ ಮುಗಿದ ಮೇಲಿನ ಮೊದಲ ಹತ್ತು ದಿನ ಮೀನು ಯಾರ ತೊಟ್ಟಿಯಲ್ಲಿತ್ತು ಅನ್ನುವುದೇ ವ್ಯತ್ಯಾಸ. ದಣಿದು ಬಂದ ಮೀನು ಸಾಯುವುದು, ಚುಕ್ಕೆ ರೋಗ ಏಳುವುದು, ಬಾಲ ಕೊಳೆಯಲು ಶುರುವಾಗುವುದು ಹೆಚ್ಚಾಗಿ ಆ ಅವಧಿಯಲ್ಲೇ. ಅಂಗಡಿಯಲ್ಲಿ ಆ ನಷ್ಟ ಅಂಗಡಿಯವರದು. ಆನ್‌ಲೈನ್‌ನಲ್ಲಿ ತರಿಸಿದರೆ ನಿಮ್ಮದು. 40 ರೂಪಾಯಿಯಲ್ಲಿ ಸತ್ತ ಮೀನಿನ ಬೆಲೆ, ಕರೆಂಟ್ ಬಿಲ್ಲು, ಔಷಧಿ, ದಿನಕ್ಕೆರಡು ಸಲ ತೊಟ್ಟಿ ನೋಡಿಕೊಂಡ ಕೆಲಸ ಎಲ್ಲ ಸೇರಿದೆ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿದೆ: ಜೀವ ಇರುವುದನ್ನು ಅಂಗಡಿಯಲ್ಲಿ ಕಣ್ಣಾರೆ ನೋಡಿ ತನ್ನಿ. ಜೀವ ಇಲ್ಲದ್ದನ್ನು ಎಲ್ಲಿ ಸರಿಯಾದದ್ದು ಸಿಗುತ್ತದೋ ಅಲ್ಲಿ ಕೊಳ್ಳಿ. ಆದರೆ ಅಂಗಡಿಯವರು ಆ ಹತ್ತು ದಿನ ನಿಜವಾಗಿ ಸಾಕಿರಬೇಕು. ನಿನ್ನೆ ರಾತ್ರಿ ಇಳಿಸಿದ ಮೀನನ್ನು ಇವತ್ತು ಬೆಳಿಗ್ಗೆ ಮಾರುವ ಅಂಗಡಿಗೂ ಆನ್‌ಲೈನ್‌ಗೂ ಹೆಚ್ಚು ಅಂತರ ಇಲ್ಲ.

ಅದನ್ನು ತಿಳಿಯಲು ಒಂದೇ ಪ್ರಶ್ನೆ ಸಾಕು: "ಮಾಲ್ ಯಾವತ್ತು ಬಂತು?" ಬಹುತೇಕ ಅಂಗಡಿಗಳಿಗೆ ವಾರದ ನಿಗದಿತ ದಿನ ಮಾಲು ಬರುತ್ತದೆ. ಆ ದಿನ ಹೋಗಿ ನೋಡಿ, ಕೊಳ್ಳಬೇಡಿ. ಬೇಕಾದ್ದಕ್ಕೆ ಅಡ್ವಾನ್ಸ್ ಕೊಟ್ಟು "ಹತ್ತು ದಿನ ಬಿಟ್ಟು ಬರ್ತೀನಿ, ಇಟ್ಟಿರಿ ಅಣ್ಣಾ" ಎಂದು ಹೇಳಿ ಬನ್ನಿ. ಒಪ್ಪುವ ಅಂಗಡಿಯವರಿಗೆ ಗಿರಾಕಿ ಗಟ್ಟಿ ಎಂದು ಗೊತ್ತಾಗುತ್ತದೆ, ನಿಮಗೆ ಹತ್ತು ದಿನ ಕಳೆದ ಮೀನು ಸಿಗುತ್ತದೆ. ನನ್ನ ಮಟ್ಟಿಗೆ ಅಂಗಡಿಯನ್ನು ಬೆಂಬಲಿಸುವುದು ಅಂದರೆ ಹೀಗೆ ಅಡ್ವಾನ್ಸ್ ಕೊಟ್ಟು ಕಾಯುವುದೇ. ಸುಮ್ಮನೆ ಹೆಚ್ಚು ಬೆಲೆ ಕೊಟ್ಟು ಬರುವುದರಿಂದ ಮೀನಿಗೆ ಏನೂ ಒಳ್ಳೆಯದಾಗುವುದಿಲ್ಲ.

ತೊಟ್ಟಿಯ ಮುಂದೆ ಹತ್ತು ನಿಮಿಷ ನಿಲ್ಲಿ. ಮೊದಲ ಎರಡು ನಿಮಿಷ ಮೀನುಗಳು ನಿಮ್ಮನ್ನು ನೋಡಿ ಊಟ ಬಂತೆಂದು ಮುಂದಕ್ಕೆ ನುಗ್ಗುತ್ತವೆ, ಇಲ್ಲವೇ ಹೆದರಿ ಹಿಂದಕ್ಕೆ ಸರಿಯುತ್ತವೆ. ಆಗ ಕಂಡದ್ದನ್ನು ನಂಬಬೇಡಿ. ಅವು ನಿಮ್ಮನ್ನು ಮರೆತ ಮೇಲೆ ಒಂದೇ ಮೀನನ್ನು ಆರಿಸಿ ಅದರ ಕಿವಿರು ಗಮನಿಸಿ. ಎರಡೂ ಬದಿ ಒಂದೇ ಲಯದಲ್ಲಿ ಮೆಲ್ಲಗೆ ಆಡುತ್ತಿರಬೇಕು. ಒಂದೇ ಬದಿ ಆಡುತ್ತಿದ್ದರೆ, ಅಥವಾ ಓಡಿ ಬಂದವರ ಉಸಿರಿನಂತೆ ಬಡಬಡ ಬಡಿಯುತ್ತಿದ್ದರೆ ಕಿವಿರಿನಲ್ಲಿ ಪರಾವಲಂಬಿ ಇರಬಹುದು, ಇಲ್ಲವೇ ನೀರಿನಲ್ಲಿ ಅಮೋನಿಯ (ಮೀನಿನ ಹೊಲಸಿನಿಂದ ಸೇರುವ ವಿಷ) ಇರಬಹುದು. ರೆಕ್ಕೆಯನ್ನು ಮೈಗೆ ಅಂಟಿಸಿಕೊಂಡು ಮೂಲೆಯಲ್ಲಿ ನಿಂತಿರುವುದು, ಕಲ್ಲಿಗೋ ಪೈಪಿಗೋ ಥಟ್ಟನೆ ಪಕ್ಕೆ ಉಜ್ಜಿ ಹಾರುವುದು, ಬೆನ್ನು ಕತ್ತಿಯಂತೆ ತೆಳ್ಳಗಾಗಿರುವುದು, ಉದ್ದಕ್ಕೆ ಬಿಳೀ ದಾರದಂಥ ಮಲ ನೇತಾಡುವುದು, ಇವುಗಳಲ್ಲಿ ಯಾವುದು ಕಂಡರೂ ಆ ತೊಟ್ಟಿಯ ಚೆನ್ನಾಗಿರುವ ಮೀನನ್ನೂ ತರಬೇಡಿ. ಗಪ್ಪಿ, ಮೋಲಿಗಳಾದರೆ ಹಿಂಭಾಗವನ್ನು ಬೆಳಕಿಗೆ ಅಡ್ಡವಾಗಿ ನೋಡಿ. ಮಲದ್ವಾರದಿಂದ ಸಣ್ಣ ಕೆಂಪು ಎಳೆಗಳು ಹೊರಗೆ ಚಾಚಿದ್ದರೆ ಅದು ಕ್ಯಾಮಲಾನಸ್ ಹುಳು. ಒಂದು ಮೀನಿನಲ್ಲಿ ಮನೆಗೆ ಬಂದರೆ ಇಡೀ ತೊಟ್ಟಿಗೆ ಲೆವಮಿಸೋಲ್ ಎಂಬ ಹುಳುವಿನ ಔಷಧಿ ಹಾಕಬೇಕಾಗುತ್ತದೆ. ಕೊನೆಗೆ "ಸ್ವಲ್ಪ ಫುಡ್ ಹಾಕಿ ತೋರಿಸಿ" ಅನ್ನಿ. ತಿನ್ನದ ಮೀನನ್ನು ಯಾವ ಬೆಲೆಗೂ ಕೊಳ್ಳಬೇಡಿ.

ನೀಲಿ ಅಥವಾ ಹಸಿರು ನೀರಿನ ತೊಟ್ಟಿ ಕಂಡರೆ ಹೆಚ್ಚಾಗಿ ಅಲ್ಲಿ ಔಷಧಿ ನಡೆಯುತ್ತಿರುತ್ತದೆ: ನೀಲಿಯಾದರೆ ಮೆಥಿಲೀನ್ ಬ್ಲೂ, ಹಸಿರಾದರೆ ಮಲಕೈಟ್ ಗ್ರೀನ್ ಇರಬಹುದು. ಅದನ್ನು ಕಂಡು ಅಂಗಡಿಯೇ ಕೆಟ್ಟದೆಂದು ತಿರುಗಿ ಬರಬೇಡಿ. ಆ ತೊಟ್ಟಿಯ ಮೀನು ಕೇಳಿ ನೋಡಿ. "ಇದು ಈಗ ಕೊಡಲ್ಲ, ಮುಂದಿನ ವಾರ ಬನ್ನಿ" ಅಂದವರ ಹತ್ತಿರವೇ ವ್ಯಾಪಾರ ಇಟ್ಟುಕೊಳ್ಳಿ. ಒಂದೇ ಬಲೆಯನ್ನು ತೊಳೆಯದೆ ಎಲ್ಲ ತೊಟ್ಟಿಗೂ ಅದ್ದುತ್ತಿದ್ದರೆ, ಅಥವಾ ಎಲ್ಲ ತೊಟ್ಟಿಯ ನೀರೂ ಕೆಳಗಿನ ಒಂದೇ ಫಿಲ್ಟರಿಗೆ ಹೋಗಿ ವಾಪಸು ಬರುತ್ತಿದ್ದರೆ, ಒಂದು ತೊಟ್ಟಿಯ ರೋಗ ಎಲ್ಲದರ ರೋಗ ಎಂದು ತಿಳಿದೇ ಮೀನು ಆರಿಸಬೇಕು.

ಅಂಗಡಿಯಿಂದ ಸಿಗುವ ಇನ್ನೊಂದು ಲಾಭ ನೀರು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮೂರ ಅಂಗಡಿಯ ಮೀನು ನಿಮ್ಮೂರ ನೀರಿನಲ್ಲಿ ಬದುಕಿ ತೋರಿಸಿದ ಮೀನು. ಬೆಂಗಳೂರಿನಲ್ಲೇ ಕಾವೇರಿ ನೀರು ಬರುವ ಮನೆಗೂ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಮನೆಗೂ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಅಳತೆ) ಮೂರ್ನಾಲ್ಕು ಪಟ್ಟು ವ್ಯತ್ಯಾಸ ಇರಬಹುದು. ಬಯಲುಸೀಮೆಯ ಬೋರ್‌ವೆಲ್ ನೀರು ಗಡಸು. ಗಪ್ಪಿ, ಮೋಲಿ, ಪ್ಲಾಟಿಗಳಿಗೆ ಅದು ಹಬ್ಬ. ಕರಾವಳಿಯ ಮುರಕಲ್ಲಿನ ಬಾವಿ ನೀರು ತೀರಾ ಮೆದು, ಸ್ವಲ್ಪ ಹುಳಿ. ಮಲೆನಾಡಿನದೂ ಬಹುಪಾಲು ಹಾಗೆಯೇ. ಅಲ್ಲಿ ಟೆಟ್ರಾ, ಬಾರ್ಬ್, ಗೌರಾಮಿ ಖುಷಿಯಾಗಿರುತ್ತವೆ. ಮೋಲಿ ಮಾತ್ರ ನಿಂತಲ್ಲೇ ಮೈ ನಡುಗಿಸುತ್ತಾ ಸೊರಗುತ್ತದೆ. ಒಂದು ಹಿಡಿ ಕಪ್ಪೆಚಿಪ್ಪನ್ನು ತೊಳೆದು ಜಜ್ಜಿ, ಬಲೆಚೀಲದಲ್ಲಿ ಕಟ್ಟಿ ಫಿಲ್ಟರಿನೊಳಗೆ ಇಟ್ಟರೆ ಅದು ನಿಧಾನವಾಗಿ ಕರಗಿ ನೀರು ಗಡಸಾಗುತ್ತದೆ. ಮಂಗಳೂರಿನ ಅಂಗಡಿಯಲ್ಲಿ ಮೂರು ವಾರ ಬದುಕಿದ ಮೋಲಿ ಮಂಗಳೂರಿನ ಮನೆಯಲ್ಲೂ ಬದುಕುವ ಸಾಧ್ಯತೆ ಹೆಚ್ಚು. ಗಡಸು ನೀರಿನ ಊರಿಂದ ಪಾರ್ಸೆಲ್ ಬಂದ ಮೋಲಿಗೆ ಆ ಭರವಸೆ ಇಲ್ಲ. ಅಂಗಡಿಗೆ ಹೋಗುವಾಗ ಕಿಸೆಯಲ್ಲಿ ಟಿಡಿಎಸ್ ಮೀಟರ್ ಇಟ್ಟುಕೊಂಡು ಹೋಗಿ. ಅವರ ನೀರಿಗೂ ನಿಮ್ಮ ನೀರಿಗೂ 200ಕ್ಕಿಂತ ಕಡಿಮೆ ಅಂತರ ಇದ್ದರೆ ಚೀಲವನ್ನು ತೊಟ್ಟಿಯಲ್ಲಿ 15-20 ನಿಮಿಷ ತೇಲಿಬಿಟ್ಟು, ಆಮೇಲೆ ಐದು ನಿಮಿಷಕ್ಕೊಮ್ಮೆ ಕಾಲು ಲೋಟ ನೀರು ಸೇರಿಸುತ್ತಾ ಅರ್ಧ ಗಂಟೆಯಲ್ಲಿ ಬಿಡಬಹುದು. ಬಿಡುವಾಗ ಮೀನನ್ನು ಬಲೆಯಲ್ಲಿ ಎತ್ತಿ ಹಾಕಿ, ಚೀಲದ ನೀರು ತೊಟ್ಟಿಗೆ ಬೀಳಬಾರದು.

ಹಾಗಾದರೆ ಆನ್‌ಲೈನ್ ಬೇಡವೇ ಬೇಡವೇ? ಕೆಲವಕ್ಕೆ ಅದೇ ದಾರಿ. ಒಂದೇ ತಳಿಯನ್ನು ವರ್ಷಗಟ್ಟಲೆ ಸಾಕುವವರ ಗಪ್ಪಿ, ಫೈಟರ್ ಮೀನುಗಳು, ಸಣ್ಣ ಸಿಗಡಿ, ಅಪರೂಪದ ಸಿಕ್ಲಿಡ್, ಡಬ್ಬಿಯಲ್ಲಿ ಬರುವ ಟಿಶ್ಯೂ ಕಲ್ಚರ್ ಗಿಡಗಳು ಜಿಲ್ಲಾ ಕೇಂದ್ರದ ಅಂಗಡಿಯಲ್ಲಿ ಸಿಗುವುದು ಕಷ್ಟ. ಇದರಲ್ಲೂ ಸಗಟು ಮಾರುವವರಿಗಿಂತ ತಾವೇ ಮರಿ ಮಾಡಿಸಿ ಸಾಕುವವರಿಂದ ಕೊಳ್ಳಿ. ಅವರ ಮೀನು ಒಂದೇ ಪ್ರಯಾಣ ಮಾಡುತ್ತದೆ, ಮಿಕ್ಕವರದು ಎರಡು ಮೂರು.

ತರಿಸುವುದೇ ಆದರೆ ಹೀಗೆ ತರಿಸಿ. ಸೋಮವಾರ ಅಥವಾ ಮಂಗಳವಾರ ಕಳಿಸಲು ಹೇಳಿ. ಶುಕ್ರವಾರ ಕಳಿಸಿದ್ದು ಭಾನುವಾರ ಕೊರಿಯರ್ ಗೋದಾಮಿನಲ್ಲಿ ಕೊಳೆಯುತ್ತದೆ. ಏಪ್ರಿಲ್-ಮೇ ಬಿಸಿಲಿನಲ್ಲಿ ದೂರದಿಂದ ತರಿಸಬೇಡಿ. ಡಿಸೆಂಬರ್-ಜನವರಿಯಲ್ಲಿ ಉತ್ತರ ಭಾರತದಿಂದಲೂ ಬೇಡ. ಕಳಿಸುವ ಮುಂಚೆ 24 ಗಂಟೆ ಊಟ ಹಾಕಬಾರದು, ಚೀಲ ಎರಡು ಪದರದ್ದಿರಬೇಕು, ಮೂರರಲ್ಲಿ ಒಂದು ಪಾಲು ನೀರು, ಎರಡು ಪಾಲು ಆಮ್ಲಜನಕ ಇರಬೇಕು. ಕಾರಿಡೊರಾದಂಥ ಮುಳ್ಳಿನ ಮೀನು ಒಂದೊಂದೂ ಬೇರೆ ಬೇರೆ ಚೀಲದಲ್ಲಿ ಬರಬೇಕು, ಇಲ್ಲದಿದ್ದರೆ ಮುಳ್ಳು ಚುಚ್ಚಿ ಚೀಲ ತೂತಾಗುತ್ತದೆ. ಫೈಟರ್ ಮತ್ತು ಗೌರಾಮಿ ಮೇಲೆ ಬಂದು ಗಾಳಿ ಕುಡಿಯುವ ಮೀನುಗಳು, ಅವುಗಳ ಚೀಲವನ್ನು ಕಂಠದವರೆಗೆ ನೀರು ತುಂಬಿ ಕಟ್ಟಬಾರದು. ಇಷ್ಟನ್ನೂ ವಾಟ್ಸ್‌ಆ್ಯಪ್‌ನಲ್ಲಿ ಮೊದಲೇ ಕೇಳಿ ಬರಹದಲ್ಲಿ ಇಟ್ಟುಕೊಳ್ಳಿ. ಸತ್ತು ಬಂದ ಮೀನಿಗೆ ಪರಿಹಾರ ಕೊಡುವವರು ಸಾಮಾನ್ಯವಾಗಿ ಕಟ್ ಇಲ್ಲದ ವಿಡಿಯೊ ಕೇಳುತ್ತಾರೆ, ಅದೂ ಪೆಟ್ಟಿಗೆ ಕೈಸೇರಿದ ಕೆಲವೇ ಗಂಟೆಯೊಳಗೆ. ಟೇಪ್ ಕತ್ತರಿಸುವ ಮುಂಚೆಯೇ ಫೋನ್ ಆನ್ ಮಾಡಿ. ಆ ಪರಿಹಾರ ಹೆಚ್ಚಾಗಿ ಮೀನಿನ ಬೆಲೆಗೆ ಮಾತ್ರ, ಕೊರಿಯರ್ ದುಡ್ಡು ಹೋದದ್ದು ಹೋಯಿತು.

ಪೆಟ್ಟಿಗೆ ಬಂದ ಮೇಲೆ ಎಷ್ಟೋ ಜನ ಒಳ್ಳೆಯದೆಂದು ಮಾಡುವ ಕೆಲಸವೇ ಮೀನನ್ನು ಕೊಲ್ಲುತ್ತದೆ. ಎರಡು ದಿನ ಮುಚ್ಚಿದ ಚೀಲದಲ್ಲಿ ಮೀನು ಉಸಿರು ಬಿಟ್ಟು ಬಿಟ್ಟು ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಅದರಿಂದ ಪಿಎಚ್ ಇಳಿದಿರುತ್ತದೆ, ಅಂದರೆ ನೀರು ಹುಳಿಯಾಗಿರುತ್ತದೆ. ಅಮೋನಿಯವೂ ಸೇರಿರುತ್ತದೆ. ಪಿಎಚ್ ಕಡಿಮೆ ಇರುವವರೆಗೆ ಅದು ಹೆಚ್ಚುಪಾಲು ಅಮೋನಿಯಂ ರೂಪದಲ್ಲಿ, ಅಷ್ಟೇನೂ ವಿಷವಲ್ಲದೆ ಇರುತ್ತದೆ. ಚೀಲ ಬಿಚ್ಚಿದ ಕ್ಷಣದಿಂದ ಆ ಅನಿಲ ಹೊರಗೆ ಹೋಗಿ ಪಿಎಚ್ ಏರತೊಡಗುತ್ತದೆ. 25 ಡಿಗ್ರಿ ನೀರಿನಲ್ಲಿ ಪಿಎಚ್ 6.5 ಇದ್ದಾಗ ಒಟ್ಟು ಅಮೋನಿಯದಲ್ಲಿ ವಿಷದ ರೂಪ ಸಾವಿರಕ್ಕೆ ಎರಡು ಪಾಲಿನಷ್ಟು. ಪಿಎಚ್ 8ಕ್ಕೆ ಏರಿದರೆ ನೂರಕ್ಕೆ ಐದು ಪಾಲಿಗಿಂತ ಹೆಚ್ಚು. ಅದೇ ನೀರು, ಅದೇ ಅಮೋನಿಯ, ವಿಷ ಮಾತ್ರ ಸುಮಾರು 30 ಪಟ್ಟು. ಈಗ ಚೀಲ ಬಿಚ್ಚಿ, ಬಕೆಟ್ಟಿಗೆ ಸುರಿದು, ಏರ್ ಸ್ಟೋನ್ (ಗಾಳಿಯ ಗುಳ್ಳೆ ಬಿಡುವ ಕಲ್ಲು) ಹಾಕಿ, ಸಣ್ಣ ಪೈಪಿನಲ್ಲಿ ಎರಡು ಗಂಟೆ ಹನಿಹನಿಯಾಗಿ ಗಡಸು ನೀರು ಬಿಟ್ಟರೆ ಆ ಎರಡು ಗಂಟೆಯೂ ಮೀನು ವಿಷದಲ್ಲೇ ಕೂತಿರುತ್ತದೆ. ಕಿವಿರು ಸುಟ್ಟು ಕೆಂಪಾಗುತ್ತದೆ, ಮೂರನೇ ದಿನ ಸಾಯುತ್ತದೆ, ಬೈಗುಳ ಕಳಿಸಿದವರಿಗೆ ಹೋಗುತ್ತದೆ.

ಸರಿಯಾದ ಕ್ರಮ ಇದು. ಚೀಲ ಬರುವ ಮುಂಚೆಯೇ 20 ಲೀಟರಿನ ಒಂದು ಟಬ್ಬನ್ನು ಕಳಿಸುವವರ ನೀರಿಗೆ ಹತ್ತಿರ ಬರುವಂತೆ ಸಿದ್ಧ ಮಾಡಿ. ಅವರ ಟಿಡಿಎಸ್ 300, ನಿಮ್ಮ ಬೋರ್‌ವೆಲ್ 800, ಅಡುಗೆಮನೆಯ ಆರ್‌ಒ ನೀರು 50 ಇದ್ದರೆ, ಒಂದು ಪಾಲು ಬೋರ್‌ವೆಲ್‌ಗೆ ಎರಡು ಪಾಲು ಆರ್‌ಒ ಸೇರಿಸಿದರೆ 300 ಬರುತ್ತದೆ. ಮುಖ್ಯ ತೊಟ್ಟಿಯಲ್ಲಿ ಒಂದು ತಿಂಗಳು ಓಡಿದ ಸ್ಪಂಜ್ ಫಿಲ್ಟರನ್ನು ಟಬ್ಬಿಗೆ ಹಾಕಿ. ಕೋಣೆಯ ಲೈಟು ಆರಿಸಿ ಪೆಟ್ಟಿಗೆ ತೆರೆಯಿರಿ, ಎರಡು ದಿನ ಕತ್ತಲಲ್ಲಿದ್ದ ಮೀನು ಬೆಳಕು ಬಿದ್ದರೆ ಗಾಬರಿಯಾಗಿ ಚೀಲಕ್ಕೆ ಬಡಿದುಕೊಳ್ಳುತ್ತದೆ. ಚೀಲವನ್ನು ಬಿಚ್ಚದೆ 20 ನಿಮಿಷ ತೇಲಿಬಿಡಿ, ನೀರಿನ ಬಿಸಿ ಹೊಂದಿಕೊಳ್ಳಲಿ. ಆಮೇಲೆ ಚೀಲ ಕತ್ತರಿಸಿ ಬಲೆಯ ಮೂಲಕ ನೀರನ್ನು ಬಕೆಟ್ಟಿಗೆ ಸುರಿದು, ಮೀನನ್ನು ಕೂಡಲೇ ಟಬ್ಬಿಗೆ ಬಿಡಿ. ಅವತ್ತು ಊಟ ಬೇಡ. ಮುಂದಿನ ಒಂದು ವಾರದಲ್ಲಿ ನೀರು ಬದಲಿಸುವಾಗಲೆಲ್ಲ ನಿಮ್ಮ ಮಾಮೂಲಿ ನೀರಿನ ಪಾಲು ಹೆಚ್ಚಿಸುತ್ತಾ ಹೋಗಿ.

ಟಬ್ಬಿನಲ್ಲಿ ಕನಿಷ್ಠ ಮೂರು ವಾರ, ಸಾಧ್ಯವಾದರೆ ನಾಲ್ಕು. ಅಂಗಡಿಯ ಮೀನಿಗೂ ಇದು ತಪ್ಪುವುದಿಲ್ಲ, ಹತ್ತು ದಿನ ಸಾಕಿದ ಅಂಗಡಿಯದಾದರೆ ಎರಡು ವಾರ ಸಾಕು. ಬಿಳಿ ಚುಕ್ಕೆ ಕಂಡರೆ ನೀರನ್ನು ದಿನಕ್ಕೊಂದೆರಡು ಡಿಗ್ರಿಯಂತೆ 29-30ಕ್ಕೆ ಏರಿಸಿ, ಏರ್ ಸ್ಟೋನ್ ಇನ್ನೊಂದು ಸೇರಿಸಿ, ಏಕೆಂದರೆ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಔಷಧಿಯನ್ನು ಚುಕ್ಕೆ ಹೋದ ಮೇಲೂ ಒಂದು ವಾರ ಮುಂದುವರಿಸಿ. ಚುಕ್ಕೆಯೊಳಗೆ ಕೂತಿರುವ ಪರಾವಲಂಬಿಯನ್ನು ಸಾಮಾನ್ಯವಾಗಿ ಔಷಧಿ ಮುಟ್ಟುವುದಿಲ್ಲ. ಅದು ಹೊರಬಿದ್ದು, ತಳದಲ್ಲಿ ಒಡೆದು, ಮರಿಗಳು ಈಜುತ್ತಾ ಹೊಸ ಮೀನು ಹುಡುಕುವಾಗಲೇ ಹೆಚ್ಚಾಗಿ ಸಾಯುತ್ತವೆ. ಎರಡೇ ದಿನಕ್ಕೆ ನಿಲ್ಲಿಸಿದವರಿಗೆ ರೋಗ ಮರಳುವುದು ಇದೇ ಕಾರಣಕ್ಕೆ.

ಇನ್ನು ಸಾಮಾನಿನ ವಿಷಯ. ಹೀಟರ್, ಕ್ಯಾನಿಸ್ಟರ್ ಫಿಲ್ಟರ್, ಲೈಟು, ಟೆಸ್ಟ್ ಕಿಟ್‌ಗಳನ್ನು ಆನ್‌ಲೈನ್‌ನಲ್ಲಿ ನೋಡಿ ಕೊಳ್ಳುವುದರಲ್ಲಿ ತಪ್ಪಿಲ್ಲ, ಆಯ್ಕೆ ಅಲ್ಲೇ ಹೆಚ್ಚು. ಫುಡ್ ಮಾತ್ರ ಸೀಲ್ ಇರುವ ಚಿಕ್ಕ ಡಬ್ಬಿಯಾಗಿರಲಿ. ಅಂಗಡಿಯಲ್ಲಿ ದೊಡ್ಡ ಮೂಟೆಯಿಂದ ಪಾಲಿಥಿನ್ ಕವರಿಗೆ ತುಂಬಿ ಕೊಡುವ ಫುಡ್‌ನಲ್ಲಿ ಗಾಳಿ ತಾಗಿ ವಿಟಮಿನ್ ಸಿ ಹೋಗಿರುತ್ತದೆ. ಗಾಜಿನ ತೊಟ್ಟಿಯನ್ನು ಮಾತ್ರ ಊರಲ್ಲೇ ಮಾಡಿಸಿ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿಗೆ 5 ಮಿಲಿಮೀಟರ್ ಗಾಜು ಸಾಕು, ತುಂಬಿದರೆ ಸುಮಾರು 55 ಲೀಟರ್. ಅಂಟಿಸಿ ಕನಿಷ್ಠ ಎರಡು ದಿನ ಒಣಗಬೇಕು, ಸಿಲಿಕೋನಿನ ವಿನೆಗರ್ ವಾಸನೆ ಪೂರ್ತಿ ಹೋಗಬೇಕು, ಆಮೇಲೆ ನೀರು ತುಂಬಿ ಮತ್ತೆರಡು ದಿನ ಸೋರುತ್ತದೆಯೇ ನೋಡಬೇಕು. ಸೋರಿದರೆ ಮಾಡಿದವರೇ ಬಂದು ಅಂಚು ಕೆರೆದು ಮತ್ತೆ ಅಂಟಿಸುತ್ತಾರೆ. ಈ ಸೇವೆ ಯಾವ ಆ್ಯಪ್‌ನಲ್ಲೂ ಇಲ್ಲ.

ರಾತ್ರಿ ಎಂಟಕ್ಕೆ ಫಿಲ್ಟರ್ ಗುರ್ ಗುರ್ ಎಂದು ನಿಂತುಹೋದಾಗಲೂ ಹಾಗೆಯೇ. ಬಹುತೇಕ ಸಲ ಕೆಡುವುದು ಮೋಟಾರಲ್ಲ, ಒಳಗಿನ ಇಂಪೆಲ್ಲರ್ (ನೀರು ತಳ್ಳುವ ಪುಟ್ಟ ಚಕ್ರ) ಅಥವಾ ಅದರ ಬೆಂಕಿಕಡ್ಡಿಯಷ್ಟು ದಪ್ಪದ ಪಿಂಗಾಣಿ ಕಡ್ಡಿ. ಹಳೇ ಅಂಗಡಿಗಳಲ್ಲಿ ಇಂಥ ಬಿಡಿಭಾಗಗಳ ಒಂದು ಡಬ್ಬಿಯೇ ಇರುತ್ತದೆ. ಕೆಟ್ಟದ್ದನ್ನು ಕೈಯಲ್ಲಿ ಹಿಡಿದುಕೊಂಡು ಹೋದರೆ ಹೊಂದುವುದನ್ನು ಹುಡುಕಿ ಕೊಡುತ್ತಾರೆ.

ಅಂಗಡಿಗಳ ತಪ್ಪನ್ನೂ ಹೇಳಲೇಬೇಕು, ಬೆಂಬಲ ಅಂದರೆ ಕಣ್ಣು ಮುಚ್ಚುವುದಲ್ಲ. ತೊಟ್ಟಿ ಮತ್ತು ಮೀನನ್ನು ಒಂದೇ ದಿನ ಮಾರುವುದು ದೊಡ್ಡ ತಪ್ಪು. ಫಿಲ್ಟರಿನಲ್ಲಿ ಅಮೋನಿಯ ತಿನ್ನುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಗೋಲ್ಡ್ ಫಿಶ್ಶಿಗೆ ಗಾಜಿನ ಬೋಗುಣಿ ಕೊಡುವುದು, ಒಂದೂವರೆ ಅಡಿ ಬೆಳೆಯುವ ಸಕ್ಕರ್ ಮೀನನ್ನು "ಕ್ಲೀನರ್" ಎಂದು 2 ಅಡಿ ತೊಟ್ಟಿಗೆ ಕೊಡುವುದು, ಸೂಜಿಯಲ್ಲಿ ಬಣ್ಣ ಚುಚ್ಚಿದ ಗ್ಲಾಸ್ ಫಿಶ್ ಮಾರುವುದು, ಇವನ್ನು ಕೊಳ್ಳದೆ, ಯಾಕೆ ಕೊಳ್ಳುವುದಿಲ್ಲ ಎಂದು ಹೇಳಿ ಬನ್ನಿ. ನಾಲ್ಕು ಗಿರಾಕಿಗಳು ಹೇಳಿದರೆ ಐದನೇ ಸಲ ಆ ಮಾಲು ತರಿಸುವುದಿಲ್ಲ. ನಕ್ಷತ್ರ ಆಮೆ ಬೇಕಾ ಎಂದು ಕೇಳಿದ ಅಂಗಡಿಗೆ ಮಾತ್ರ ಮತ್ತೆ ಕಾಲಿಡಬೇಡಿ, ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಅದನ್ನು ಮಾರುವುದು ಅಪರಾಧ.

ಪರಿಚಯ ಬೆಳೆದ ಅಂಗಡಿಯಿಂದ ಸಿಗುವ ಎರಡು ವಸ್ತುಗಳಿಗೆ ಬೆಲೆಯೇ ಇಲ್ಲ. ಒಂದು, ಓಡುತ್ತಿರುವ ತೊಟ್ಟಿಯ ಹಳೇ ಸ್ಪಂಜು. ರೋಗವಿಲ್ಲದ ತೊಟ್ಟಿಯದನ್ನು ಕೇಳಿ, ಅದೇ ತೊಟ್ಟಿಯ ನೀರಿನಲ್ಲಿ ಮುಳುಗಿಸಿ ಎರಡು ಗಂಟೆಯೊಳಗೆ ಮನೆಗೆ ತಂದು ಹೊಸ ಫಿಲ್ಟರಿಗೆ ಸೇರಿಸಿ. ದಾರಿಯಲ್ಲಿ ಒಣಗಿದರೆ ಅಥವಾ ಕ್ಲೋರಿನ್ ನಲ್ಲಿಯ ಕೆಳಗೆ ತೊಳೆದರೆ ಅದು ಬರೀ ಸ್ಪಂಜು. ಎರಡು, ಬೆಳೆದ ಮೀನನ್ನು ವಾಪಸು ಪಡೆಯುವ ಮಾತು. ಆಸ್ಕರ್ ಒಂದಡಿ ಆದಾಗ, ಏಂಜಲ್ ಮರಿಗಳು ನೂರಾದಾಗ, ಅವನ್ನು ಕೆರೆಗೆ ಬಿಡುವವರಿದ್ದಾರೆ. ಸಕ್ಕರ್ ಮೀನು ನಮ್ಮ ಕೆರೆ ಹೊಳೆಗಳಲ್ಲಿ ಬಲೆಗೆ ಬೀಳುತ್ತಿರುವುದು ಹೆಚ್ಚಾಗಿ ಹೀಗೆ ಬಿಟ್ಟದ್ದರಿಂದ. ಕೊಳ್ಳುವ ದಿನವೇ ಕೇಳಿಡಿ: "ದೊಡ್ಡದಾದ್ರೆ ವಾಪಸ್ ತಗೋತೀರಾ?" ದುಡ್ಡು ಕೊಡದಿದ್ದರೂ ಒಂದು ಡಬ್ಬಿ ಫುಡ್‌ಗೆ ಬದಲಾಗಿ ತೆಗೆದುಕೊಳ್ಳುವ ಅಂಗಡಿಗಳು ಎಷ್ಟೋ ಇವೆ. ಕೊಂಡೊಯ್ಯುವ ಹಿಂದಿನ ದಿನ ಊಟ ನಿಲ್ಲಿಸಿ, ದೊಡ್ಡ ಮೀನಾದರೆ ಮುಚ್ಚಳವಿರುವ ಬಕೆಟ್ಟಿನಲ್ಲಿ ಬ್ಯಾಟರಿ ಏರ್ ಪಂಪ್ ಹಾಕಿಕೊಂಡು, ಬಿಸಿಲೇರುವ ಮುಂಚೆ ತಲುಪಿಸಿ. ಹೋಗುವ ಮುಂಚೆ ಒಂದು ಫೋನ್ ಮಾಡಿದರೆ ಅವರೂ ತೊಟ್ಟಿ ಖಾಲಿ ಇಟ್ಟಿರುತ್ತಾರೆ.